ಚಾವಣಿಯ ಚಾಡಿಕೋರ

ಅಲ್ ಖುವೈರ್, ಮಸ್ಕತ್
ಜುಲೈ ೨೫, ಶುಕ್ರವಾರ, ಮಸೀದಿಯಿಂದ ಬಂದು ಊಟ ಮುಗಿಸಿದ ಮೇಲೆ

ಪ್ರೀತಿಯ ಅಮ್ಮನಿಗೆ ನಿನ್ನ ಖಲ್ಫಾನ್ ಮಾಡುವ ಸಲಾಂ.

ಹೇಗಿದ್ದೀಯಮ್ಮ? ಮಂಡಿನೋವು ಹೇಗಿದೆ? ಸಲಾಲದಲ್ಲಿ ಈಗ ಹಗಲೆಲ್ಲ ಜಿಟಿಜಿಟಿ ಮಳೆ, ಎದುರು ಮನೆ ಕಾಣದಷ್ಟು ಮಂಜು ಎಂದು ತಂಗಿ ಶೈಖಾ ಹೇಳಿದಳು. ಆ ಥಂಡಿಯಲ್ಲಿ ಬರಿಗಾಲಲ್ಲಿ ಅಂಗಳಕ್ಕೆ ಇಳಿಯಬೇಡ. ಅವಳ ಮನೆಯ ಹಿಂದೆ ತೆಂಗಿನ ಮರ ಇದೆಯೆಂದು ದಿನಕ್ಕೆ ಮೂರು ಎಳನೀರು ಕುಡಿಯಬೇಡ, ನಿನಗೆ ಸಕ್ಕರೆ ಕಾಯಿಲೆ ಇರುವುದನ್ನು ತೆಂಗಿನ ಮರಕ್ಕೆ ಯಾರೂ ಹೇಳಿಲ್ಲ. ಬೆಳಗಿನ ಮಾತ್ರೆ ಬೆಳಿಗ್ಗೆ, ರಾತ್ರಿಯದು ರಾತ್ರಿ. ಎರಡನ್ನೂ ಒಟ್ಟಿಗೆ ನುಂಗಿ "ಮುಗೀತಲ್ಲ, ಇನ್ನು ನನ್ನ ಪಾಡಿಗೆ ನನ್ನ ಬಿಡಿ" ಅನ್ನುವವಳು ನೀನು, ಅದಕ್ಕೇ ಬರೆಯುತ್ತಿದ್ದೇನೆ.

ಈ ಐದು ವಾರದಲ್ಲಿ ಎಷ್ಟು ಸಲ ಫೋನ್ ಮಾಡಿದೆನೋ ಲೆಕ್ಕವಿಲ್ಲ. ಮೊನ್ನೆಯೂ ಮಾಡಿದೆ. "ಅಮ್ಮಂಗೆ ಕಿವಿ ಕೇಳಿಸ್ತಿಲ್ಲ ಅಣ್ಣ" ಎಂದಳು ಶೈಖಾ. ಅವಳ ಹಿಂದಿನಿಂದ ನೀನೇ "ಇನ್ನೊಂದ್ಸಲ ಹೇಳು, ಏನೂ ಕೇಳಿಸಲ್ಲ ಅಂತ" ಎಂದು ಹೇಳಿಕೊಟ್ಟದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಇರಲಿ. ಅದಕ್ಕೇ ಈ ಪತ್ರ. ನಲವತ್ತನೇ ವಯಸ್ಸಿನಲ್ಲಿ ಸಂಜೆ ಶಾಲೆಗೆ ಹೋಗಿ ಅಕ್ಷರ ಕಲಿತ ಮೇಲೆ ನೀನು ಬಾಯಿಮಾತು ನಂಬುವುದನ್ನೇ ಬಿಟ್ಟೆ. ಡಾಕ್ಟರು ಏನು ಹೇಳಿದರೂ "ಬರೆದುಕೊಡಿ" ಅನ್ನುತ್ತೀಯ. ನಾನೂ ಬರೆದೇ ಕೊಡುತ್ತಿದ್ದೇನೆ, ಎಂದಿನಂತೆ ಬೆರಳಿಟ್ಟು ಓದು.

ಇಲ್ಲಿ ಎಲ್ಲರೂ ಕ್ಷೇಮ. ಅಸೀಲಾಳ ಮದುವೆಗೆ ಇನ್ನು ಇಪ್ಪತ್ತೇ ದಿನ. ಬಟ್ಟೆಗಳೆಲ್ಲ ಹೊಲಿದು ಬಂದಿವೆ. ಬಂದ ಹಾಗೇ ಪೆಟ್ಟಿಗೆಯಲ್ಲಿ ಬಿದ್ದಿವೆ, ಏಕೆಂದರೆ ಅವಕ್ಕೆ ಪರಿಮಳದ ಹೊಗೆ ಹಿಡಿಯುವ ಲೋಬಾನದ ಕುಂಡವನ್ನು ನೀನು ಬಟ್ಟೆಯ ಗಂಟಿನಲ್ಲಿ ಕಟ್ಟಿಕೊಂಡು ಹೋದೆ. ಅಂಗಡಿಯಿಂದ ರಾಯಾ ಹೊಸ ಕುಂಡ ತಂದು ಒಂದು ಓಢಣಿಗೆ ಹೊಗೆ ಹಿಡಿದಳು. ಅಸೀಲಾ ಮೂಸಿ ನೋಡಿ "ಅಮ್ಮಾ, ಇದು ಸೋಪಿನ ಅಂಗಡಿ ಥರ ಇದೆ. ಅಜ್ಜಿ ಬರೋವರೆಗೂ ನಾನು ಯಾವ್ದನ್ನೂ ಮೈಮೇಲೆ ಹಾಕ್ಕೊಳ್ಳಲ್ಲ" ಎಂದಳು. ಮೊಮ್ಮಗಳೂ ನಿನ್ನದೇ ಅಚ್ಚು, ಹಿಡಿದದ್ದನ್ನು ಬಿಡುವವಳಲ್ಲ. ನನ್ನ ಹೆಂಡತಿ ಮಾತ್ರ ಕಾಫಿ ಲೋಟವನ್ನು ನನ್ನ ಮುಂದೆ ಕುಕ್ಕಿ ಹೋಗುತ್ತಾಳೆ, ಅಷ್ಟೇ.

ಆ ದಿನದ ವಿಷಯ ಎತ್ತದೆ ಈ ಪತ್ರ ಮುಂದೆ ಹೋಗುವುದಿಲ್ಲ. ಅಸೀಲಾಳ ನಿಶ್ಚಿತಾರ್ಥ, ಗಂಡಿನ ಕಡೆಯ ಹೆಂಗಸರೇ ನಲವತ್ತು ಜನ. ನೀನು ಲೋಬಾನ ಹಾಕಿ ಮನೆಯೆಲ್ಲ ಘಮಘಮ ಎನ್ನಿಸಿದ್ದೆ. ಸಂಜೆ ನಾಲ್ಕೂವರೆ, ಹಲ್ವಾದ ತಟ್ಟೆ ಇನ್ನೂ ಅರ್ಧ ಕೋಣೆ ಸುತ್ತಿರಲಿಲ್ಲ, ಕಟ್ಟಡದ ಬೆಂಕಿ ಸೈರನ್ ಹೊಡೆದುಕೊಂಡಿತು. ಲಿಫ್ಟು ಬಂದ್. ಆರು ಮಹಡಿಯ ಮೆಟ್ಟಿಲು, ಜರಿಯ ಬಟ್ಟೆ, ಎತ್ತರದ ಚಪ್ಪಲಿ, ಹೊರಗೆ ಜೂನ್ ತಿಂಗಳ ಕೆಂಡದಂಥ ಬಿಸಿಲು. ಮೆಟ್ಟಿಲಿಳಿಯುವಾಗ ಬೀಗಿತ್ತಿಯ ಕಾಲು ಬೇರೆ ಉಳುಕಿತು. ನಾನು ಕೆಳಗೆ ಕಾವಲುಗಾರ ಶಮ್ಸುಲ್‌ನ ಕೋಣೆಯ ಪಕ್ಕದಲ್ಲಿರುವ ಪ್ಯಾನೆಲಿನ ಹತ್ತಿರ ಓಡಿ ಗುಂಡಿ ಒತ್ತಿ ಸೈರನ್ ನಿಲ್ಲಿಸಿದೆ. ಎಲ್ಲರ ಮುಂದೆ ಕೈಯೆತ್ತಿ "ಗಾಬರಿ ಬೇಡಿ, ಏನಿಲ್ಲ, ನಮ್ಮಮ್ಮನ ಲೋಬಾನ!" ಎಂದೆ. ಇಡೀ ಕಟ್ಟಡ ನಕ್ಕಿತು, ನಾನೂ ನಕ್ಕೆ. ನೀನು ಓಢಣಿ ಸರಿಮಾಡಿಕೊಂಡು "ಲೋಬಾನ ಆರಿಸಿ ಎಷ್ಟೋ ಹೊತ್ತಾಯ್ತು ಕಣೋ. ಆಮೇಲೆ ನಾನು ಕಾಫಿ ಕಾಯಿಸಿದ್ದಾಯ್ತು, ಬಡಿಸಿದ್ದಾಯ್ತು" ಎಂದೆ. ನಾನು "ಸುಮ್ನಿರಮ್ಮ ನೀನು, ನನ್ನ ಕೆಲಸ ನನಗೆ ಗೊತ್ತಿಲ್ವಾ?" ಎಂದೆ.  ಮಾರನೇ ದಿನ ನೀನು ಕುಂಡ ತೊಳೆದು ಗಂಟಿನಲ್ಲಿ ಕಟ್ಟಿದೆ. ಅದರ ಮಾರನೇ ದಿನ ಸಲಾಲದ ವಿಮಾನ ಹತ್ತಿದೆ.

ಹೊಗೆ ಕಂಡರೆ ಸುದ್ದಿ ಮುಟ್ಟಿಸುವ, ಚಾವಣಿಯ ಆ ಬಿಳಿ ಬಿಲ್ಲೆಗೆ ಚಾಡಿಕೋರ ಎಂದು ಹೆಸರಿಟ್ಟವಳು ನೀನು. ಈಗ ಇಡೀ ಕಟ್ಟಡ ಅದನ್ನು ಹಾಗೇ ಕರೆಯುತ್ತದೆ. ಇಪ್ಪತ್ತೆಂಟು ವರ್ಷದಿಂದ ಉದ್ದ ಕೋಲು ಹಿಡಿದು ಊರಿನ ಚಾಡಿಕೋರರಿಗೆಲ್ಲ ಡಬ್ಬಿಯ ಹೊಗೆ ಊದಿ ಪರೀಕ್ಷೆ ಮಾಡುವವನು ನಾನು, ಆದರೆ ಅದರ ಹೊಟ್ಟೆಯಲ್ಲಿ ಏನಿದೆ ಎಂದು ಹೆತ್ತ ತಾಯಿಗೆ ಒಂದು ದಿನವೂ ಹೇಳಲಿಲ್ಲ. ಕೇಳು. ಅದರೊಳಗೆ ಒಂದು ಪುಟ್ಟ ಕತ್ತಲೆ ಗೂಡಿದೆ. ಅದರಲ್ಲಿ ಒಂದು ಸಣ್ಣ ದೀಪ, ಒಂದು ಕಣ್ಣು. ದೀಪದ ಬೆಳಕು ನೇರವಾಗಿ ಕಣ್ಣಿಗೆ ಬೀಳದಂತೆ ಓರೆಯಾಗಿ ಕೂರಿಸಿರುತ್ತಾರೆ. ಗಾಳಿ ಶುದ್ಧವಾಗಿದ್ದರೆ ಕಣ್ಣಿಗೆ ಬರೀ ಕತ್ತಲು. ಹೊಗೆ ಒಳಗೆ ಹೊಕ್ಕರೆ ಅದರ ಕಣಗಳಿಗೆ ಬೆಳಕು ತಾಗಿ ಚೆದುರುತ್ತದೆ, ನಮ್ಮ ಹಳೇ ಮನೆಯ ಕಿಟಕಿಯಲ್ಲಿ ಬಿಸಿಲುಕೋಲು ಬಂದಾಗ ಧೂಳು ಕಾಣುತ್ತಿತ್ತಲ್ಲ, ಹಾಗೆ. ಅಷ್ಟು ಬೆಳಕು ಕಂಡರೆ ಸಾಕು, ಕಣ್ಣು ವರದಿ ಒಪ್ಪಿಸುತ್ತದೆ. ಅಡುಗೆಮನೆಯಲ್ಲಿ ಇರುವವನು ಬೇರೆ ಜಾತಿ. ಅವನಿಗೆ ಹೊಗೆಯ ಗೊಡವೆಯಿಲ್ಲ, ಬಿಸಿ ಏರಿದರೆ ಮಾತ್ರ ಬಾಯಿ ಬಿಡುತ್ತಾನೆ. ಇಲ್ಲದಿದ್ದರೆ ನೀನು ಮೀನು ಹುರಿದಾಗಲೆಲ್ಲ ನಾವು ಬೀದಿಯಲ್ಲಿ ಊಟ ಮಾಡಬೇಕಾಗುತ್ತಿತ್ತು.

ಒಬ್ಬೊಬ್ಬ ಚಾಡಿಕೋರನಿಗೂ ಒಂದೊಂದು ನಂಬರಿದೆ. ಕೆಳಗಿನ ಪ್ಯಾನೆಲಿನಿಂದ ಹೊರಟ ಒಂದು ತಂತಿ ಎಲ್ಲ ಮಹಡಿ ಸುತ್ತಿ ಮತ್ತೆ ಪ್ಯಾನೆಲಿಗೇ ಬರುತ್ತದೆ. ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ಸುದ್ದಿ ಮುಟ್ಟಲಿ ಎಂದು ಹಾಗೆ. ನಿನ್ನ ಸಂಜೆ ಶಾಲೆಯ ಟೀಚರ್ ಹಾಜರಿ ಕೂಗುತ್ತಿದ್ದರಲ್ಲ, ಪ್ಯಾನೆಲೂ ದಿನವಿಡೀ ಒಬ್ಬೊಬ್ಬನನ್ನೇ ಕೇಳುತ್ತಿರುತ್ತದೆ: ಇದ್ದೀಯಾ? ಇದ್ದೀನಿ. ಇದ್ದೀಯಾ? ಇದ್ದೀನಿ. ಯಾರಾದರೂ ಹೊಗೆ ಅಂದರೆ ಸೈರನ್ ಕೂಗುತ್ತದೆ, ಲಿಫ್ಟು ಕೆಳಗಿಳಿದು ಬಾಗಿಲು ತೆರೆದು ನಿಲ್ಲುತ್ತದೆ, ಹೊಗೆ ಮನೆಯಿಂದ ಮನೆಗೆ ಹೋಗದಂತೆ ತಣ್ಣನೆ ಗಾಳಿಯ ಯಂತ್ರಗಳು ನಿಲ್ಲುತ್ತವೆ, ಮೆಟ್ಟಿಲ ದಾರಿಗೆ ಮಾತ್ರ ಒಂದು ಫ್ಯಾನು ಹೊರಗಿನ ಗಾಳಿ ತಳ್ಳುತ್ತದೆ. ಯಾವ ನಂಬರು, ಎಷ್ಟು ಗಂಟೆಗೆ ಕೂಗಿತು ಎನ್ನುವುದು ಪ್ಯಾನೆಲಿನ ಪರದೆಯ ಮೇಲೂ ಬರುತ್ತದೆ, ಒಳಗೂ ದಾಖಲಾಗಿ ಉಳಿಯುತ್ತದೆ. ಇಷ್ಟೆಲ್ಲ ಮಾಡುವ ಯಂತ್ರಕ್ಕೆ ನಮ್ಮವರು ಮಾಡುವ ಮರ್ಯಾದೆ ಏನು ಗೊತ್ತೇ? ಹೋದ ವರ್ಷ ಪರೀಕ್ಷೆಗೆ ಹೋದಾಗ ನಮ್ಮ ಕಟ್ಟಡದ ಒಂಬತ್ತು ಮನೆಯಲ್ಲಿ ಚಾಡಿಕೋರನ ತಲೆಗೆ ಹೋಟೆಲಿನ ಸ್ನಾನದ ಟೋಪಿ ಹಾಕಿದ್ದರು, ಲೋಬಾನ ಹಾಕುವಾಗ ಕಿರಿಕಿರಿ ಬೇಡವೆಂದು. ಒಂದು ಮನೆಯಲ್ಲಂತೂ ಕೂಸಿನ ಕುಲಾವಿ! ನಿನ್ನ ಕೋಣೆಯಲ್ಲಿ ಮಾತ್ರ ಏನೂ ಇರಲಿಲ್ಲ. "ಅದ್ಯಾಕೆ ಅದರ ಬಾಯಿ ಕಟ್ಟೋದು, ಪಾಪ" ಎಂದಿದ್ದೆ ನೀನು.

ಈಗ ಮಂಗಳವಾರದ ಸುದ್ದಿ. ಹೆದರಬೇಡ, ಎಲ್ಲರೂ ಚೆನ್ನಾಗಿದ್ದೇವೆ ಎಂದು ಮೊದಲೇ ಬರೆದಿದ್ದೇನೆ. ಮದುವೆಯ ಓಡಾಟಕ್ಕೆಂದು ನಾನು ರಜೆ ಹಾಕಿದ್ದೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ಸೈರನ್ ಕೂಗಿತು. ರಾಯಾಳನ್ನೂ ಅಸೀಲಾಳನ್ನೂ ಹೊರಡಿಸಿಕೊಂಡು ಮೆಟ್ಟಿಲಿಗೆ ಬಂದರೆ ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಇಪ್ಪತ್ತೆಂಟು ಮನೆಗಳ ಕಟ್ಟಡ, ಸೈರನ್ ಕಿವಿ ಕಿತ್ತುಹೋಗುವಂತೆ ಕೂಗುತ್ತಿದೆ, ಒಂದು ಬಾಗಿಲೂ ತೆರೆದಿಲ್ಲ. ಕೆಳಗೆ ಹೋದರೆ ಶಮ್ಸುಲ್ ಆಗಲೇ ಗುಂಡಿಯ ಮೇಲೆ ಬೆರಳಿಟ್ಟಿದ್ದ. "ಯಾರ್ದೋ ಲೋಬಾನ ಸಾರ್, ಆಫ್ ಮಾಡ್ಬಿಡ್ಲಾ?" ಎಂದ. ಅವನ ಕೈ ಹಿಡಿದೆ. ಪರದೆ ಓದಿದೆ. ನಾಲ್ಕನೇ ಮಹಡಿ, ಹನ್ನೆರಡನೇ ನಂಬರು, ವಿದ್ಯುತ್ ಕೋಣೆ. ಆ ಕೋಣೆಯಲ್ಲಿ ತಂತಿಗಳು ಬಿಟ್ಟರೆ ಏನೂ ಇಲ್ಲ, ಲೋಬಾನ ಹಾಕುವವರು ಯಾರು?

ಕಟ್ಟಡದ ಕರೆಂಟು ತೆಗೆಯಲು ಶಮ್ಸುಲ್‌ಗೆ ಹೇಳಿ, ಅಗ್ನಿಶಾಮಕದವರಿಗೆ ಫೋನ್ ಮಾಡುತ್ತಲೇ ಮೆಟ್ಟಿಲು ಹತ್ತಿದೆ. ಆ ಬಾಗಿಲ ಸಂದಿಯಿಂದ ಕಪ್ಪು ಹೊಗೆ, ಪ್ಲಾಸ್ಟಿಕ್ ಸುಟ್ಟ ನಾತ. ಹಿಂಗೈ ಮುಟ್ಟಿಸಿ ನೋಡಿದೆ, ಬಾಗಿಲು ಕಾದಿತ್ತು. ತೆಗೆಯಲಿಲ್ಲ, ತೆಗೆದರೆ ಬೆಂಕಿಗೆ ಗಾಳಿ ಕೊಟ್ಟಂತೆ. ಮನೆಮನೆಯ ಬಾಗಿಲು ಬಡಿಯುತ್ತ ಹೋದೆ. ಒಬ್ಬೊಬ್ಬರೂ ಬಾಗಿಲು ತೆಗೆದು ನಗುತ್ತಾರಮ್ಮ! "ಮತ್ತೆ ನಿಮ್ಮಮ್ಮನಾ ಖಲ್ಫಾನ್?" ಎಂದು ಒಬ್ಬರು. "ಸಲಾಲದಿಂದ ಎಷ್ಟು ಮೂಟೆ ತಂದ್ರಪ್ಪಾ?" ಎಂದು ಇನ್ನೊಬ್ಬರು. ವಿದ್ಯುತ್ ಕೋಣೆಗೆ ಅಂಟಿಕೊಂಡ ಮನೆ ನಿನ್ನ ಗೆಳತಿ ಥುರಯ್ಯಾ ಟೀಚರದು. ಗಾಲಿಕುರ್ಚಿಯಲ್ಲಿ ಬಂದು ಬಾಗಿಲು ತೆಗೆಯುವವರೆಗೂ ನಾನು ಬಡಿಯುತ್ತಲೇ ಇದ್ದೆ. ಅವರು "ನಿಮ್ಮಮ್ಮ ಬಂದ್ರೇನೋ? ಬಂದಿದ್ರೆ ಒಂದ್ಮಾತು ಹೇಳ್ಬಾರ್ದಾ, ಕಾಫಿಗೆ ಬರ್ತಿದ್ನಲ್ಲೋ" ಎಂದರು. ಅಷ್ಟರಲ್ಲಿ ಹೊಗೆ ಅವರ ಮೂಗಿಗೆ ಬಡಿಯಿತು. "ಅಯ್ಯೋ, ಇದು ಲೋಬಾನ ಅಲ್ವಲ್ಲೋ!" ಎಂದವರು ನನ್ನ ತೋಳು ಹಿಡಿದುಕೊಂಡರು, ಕೆಳಗೆ ಮುಟ್ಟುವವರೆಗೂ ಬಿಡಲಿಲ್ಲ.

ಕರೆಂಟು ತೆಗೆದು ಮೇಲೆ ಬಂದ ಶಮ್ಸುಲ್ಲೂ ನಾನೂ ಅವರನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿದೆವು. ಮೆಟ್ಟಿಲ ಫ್ಯಾನಿಗೆ ಬೇರೆಯೇ ಲೈನಿದೆ, ಅದು ನಿಂತಿರಲಿಲ್ಲ, ಆ ದಾರಿಯಲ್ಲಿ ಹೊಗೆ ಇರಲಿಲ್ಲ. ಅಗ್ನಿಶಾಮಕದವರು ಬಂದು ಆರಿಸಿದರು. ಒಂದು ಬಾಗಿಲು, ಒಂದು ಗೋಡೆ, ಒಂದು ಹೊರೆ ತಂತಿ ಹೋಯಿತು, ಜನ ಉಳಿದರು. ದಪ್ಪ ತಂತಿಯ ಒಂದು ಜೋಡಣೆ ಸಡಿಲವಾಗಿತ್ತಂತೆ. ಎಲ್ಲರ ಮನೆಯ ಏಸಿ ಜೋರಾಗಿ ಓಡುವಾಗ ಅದು ಕಾದು ಹೊಗೆಯಾಡುವುದು, ಯಂತ್ರ ನಿಂತಾಗ ತಣ್ಣಗಾಗುವುದು, ಬೇಸಿಗೆ ಶುರುವಾದಾಗಿನಿಂದ ಹೀಗೇ ನಡೆದಿರಬೇಕು ಎಂದರು. ಅವರ ಮುಖ್ಯಸ್ಥ, ಇನ್ನೂ ಮೀಸೆ ಬಲಿಯದ ಅಧಿಕಾರಿ, ಎಲ್ಲರನ್ನೂ ನೋಡಿ "ಸೈರನ್ ಅಷ್ಟು ಹೊತ್ತು ಕೂಗಿದ್ರೂ ಯಾಕ್ರೀ ಯಾರೂ ಇಳೀಲಿಲ್ಲ?" ಎಂದು ಕೇಳಿದ. ಎಲ್ಲರೂ ನನ್ನ ಮುಖ ನೋಡಿದರು.  ಇಪ್ಪತ್ತೆಂಟು ವರ್ಷ ಜನರಿಗೆ "ಕೂಗಿದರೆ ಇಳಿಯಿರಿ" ಎಂದು ಹೇಳಿಕೊಂಡು ಬಂದವನು, ಐದು ವಾರದ ಹಿಂದೆ ಒಂದೇ ಮಾತಿನಲ್ಲಿ ಇಳಿಯದಿರುವುದನ್ನು ಕಲಿಸಿಬಿಟ್ಟಿದ್ದೆ. 

ಶೈಖಾ ಆಗಸ್ಟ್ ಹತ್ತಕ್ಕೆ ಮದುವೆಗೆ ಹೊರಡುತ್ತಾಳೆ. ಅವಳ ಜೊತೆ ನೀನೂ ಬಂದುಬಿಡಮ್ಮ. ನಿನ್ನ ಕೋಣೆಯ ಹಾಸಿಗೆ ಬಿಸಿಲಿಗೆ ಹಾಕಿಸಿದ್ದೇನೆ. ಸಿಟ್ಟಿದ್ದರೆ ಇಲ್ಲೇ ಬಂದು ನನ್ನ ಎದುರಿಗೇ ಸಿಟ್ಟು ಮಾಡು, ಬೇಕಾದರೆ ಮದುವೆ ಮುಗಿಯುವವರೆಗೂ ನನ್ನೊಬ್ಬನ ಹತ್ತಿರ ಮಾತು ಬಿಡು. ರಾಯಾ, ಅಸೀಲಾ, ಥುರಯ್ಯಾ ಟೀಚರ್ ಸಲಾಂ ಹೇಳಿದ್ದಾರೆ. ಶಮ್ಸುಲ್ ಕೂಡ "ಅಮ್ಮಾವ್ರು ಯಾವಾಗ ಬರ್ತಾರೆ ಸಾರ್?" ಎಂದು ದಿನವೂ ಕೇಳುತ್ತಾನೆ. ಅಲ್ಲಾಹು ನಿನಗೆ ಆಯುಸ್ಸು ಕೊಡಲಿ, ನಿನ್ನ ನೆರಳು ನಮ್ಮ ಮೇಲಿರಲಿ. ನಿನ್ನ ನೆತ್ತಿಗೂ ಎರಡೂ ಕೈಗಳಿಗೂ ಮುತ್ತು.

ನಿನ್ನ ಮಗ,
ಖಲ್ಫಾನ್

ಮರೆತ ಮಾತು: ಮರೆತೆ ಎನ್ನುವುದು ಸುಳ್ಳು. ಬರೆಯಲು ಮುಖವಿರಲಿಲ್ಲ. ಟೀಚರ ಅಳಿಯ ಸಲಾಲಕ್ಕೆ ಹೊರಟಿದ್ದಾನೆ, ಪತ್ರಕ್ಕಾಗಿ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ಈಗ ಬರೆಯದಿದ್ದರೆ ಇನ್ನು ಬರೆಯುವುದೇ ಇಲ್ಲ. ಇದರೊಳಗೆ ಅಂಗಡಿ ರಸೀದಿಯಂಥ ಒಂದು ಚೂರು ಕಾಗದ ಇಟ್ಟಿದ್ದೇನೆ. ಪ್ಯಾನೆಲಿನ ದಾಖಲೆ, ಮಂಗಳವಾರ ಸಂಜೆ ತೆಗೆದದ್ದು. ಅದು ಇಂಗ್ಲಿಷಿನಲ್ಲಿದೆ, ಪಕ್ಕದಲ್ಲಿ ಅರಬ್ಬಿಯಲ್ಲಿ ಬರೆದಿದ್ದೇನೆ, ನೀನೇ ಓದು, ಶೈಖಾಳಿಗೆ ಕೊಡಬೇಡ. ಕೆಳಗಿನ ಸಾಲು ಮಂಗಳವಾರದ್ದು: ನಾಲ್ಕನೇ ಮಹಡಿ, ಹನ್ನೆರಡು. ಮೇಲಿನ ಸಾಲು ಜೂನ್ ೧೯, ಸಂಜೆ ನಾಲ್ಕು ಮೂವತ್ತೆರಡು, ನಿಶ್ಚಿತಾರ್ಥದ ದಿನ. ಅದೂ ನಾಲ್ಕನೇ ಮಹಡಿ, ಹನ್ನೆರಡು. ನಮ್ಮ ಮನೆಯ ನಂಬರು ಆ ಕಾಗದದಲ್ಲಿ ಎಲ್ಲೂ ಇಲ್ಲ. ಆ ದಿನ ನಾನು ಪರದೆ ಓದಲೇ ಇಲ್ಲಮ್ಮ, ಬೀಗರ ಮುಂದೆ ನಾಚಿಕೆಯಾಗಿ ಗುಂಡಿ ಒತ್ತಿ ಬಾಯಿಗೆ ಬಂದದ್ದು ಹೇಳಿದೆ. ನಿನ್ನ ಕೋಣೆಗೆ ಲೋಬಾನಕ್ಕೆ ಕೂಗದಂಥ ಚಾಡಿಕೋರನನ್ನೇ ಹುಡುಕಿ ತಂದು ನಾನೇ ಹಾಕಿದ್ದೆ, ನೀನು ಏಣಿ ಹಿಡಿದಿದ್ದೆ, ಅದೂ ನನಗೆ ನೆನಪಾಗಲಿಲ್ಲ. ನಿನ್ನೆ ಸಂಜೆ ಎಲ್ಲ ಮನೆಯವರನ್ನೂ ಅದೇ ಪ್ಯಾನೆಲಿನ ಮುಂದೆ ನಿಲ್ಲಿಸಿ ಎರಡೂ ಸಾಲು ಗಟ್ಟಿಯಾಗಿ ಓದಿದೆ. ಬೀಗಿತ್ತಿಯ ಮನೆಗೂ ಹೋಗಿ ಓದಿ ಬಂದೆ. ನಿನ್ನ ಚಾಡಿಕೋರ ನಿನ್ನ ಮೇಲೆ ಒಂದು ದಿನವೂ ಚಾಡಿ ಹೇಳಿರಲಿಲ್ಲ. ಹೇಳಿದವನು ನಾನು. ಕುಂಡ ತೆಗೆದುಕೊಂಡು ಬಾ ಅಮ್ಮ.