ಎರಡು ಸಲ ಕೂಗಿದೆ ಅಂದೆಯಲ್ಲ

ಶನಿವಾರ, ಮಧ್ಯಾಹ್ನ
ಅಂಗಡಿಯಿಂದ

ಪ್ರೀತಿಯ ಮಗನಿಗೆ,

ಅಮ್ಮನ ಆಶೀರ್ವಾದ. ನೀನು ಕ್ಷೇಮವೇ ಎಂದು ಕೇಳಬೇಕು, ಕೇಳುತ್ತಿದ್ದೇನೆ. ನಿನ್ನ ಫೋನ್ ಎತ್ತುತ್ತಿಲ್ಲ ಎಂದು ಮುಖ ಊದಿಸಿಕೊಂಡಿದ್ದೀಯಂತೆ, ಸೊಸೆ ಹೇಳಿದಳು. ಬೇಕೆಂದೇ ಎತ್ತಲಿಲ್ಲ. ಎತ್ತಿದ್ದರೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ, ನೀನು ಫೋನ್ ಇಟ್ಟುಬಿಡುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಕಾಗದವಾದರೆ ನಡುವೆ ಬಾಯಿ ಹಾಕಲು ನಿನಗೆ ಬರುವುದಿಲ್ಲ. ತಡವಾದದ್ದಕ್ಕೆ ಕ್ಷಮಿಸು. ಮುಂದೆ ಬರೆಯುವುದಕ್ಕೆ ಮಾತ್ರ ಕ್ಷಮೆ ಗಿಮೆ ಕೇಳುವವಳಲ್ಲ ನಾನು.

ಇಲ್ಲಿ ಅಂಗಡಿ ಹೇಗೋ ನಡೆಯುತ್ತಿದೆ. ಕಾಜಾ ಹಾಕುವ ಮಿಷನ್ ಮತ್ತೆ ಕೈಕೊಟ್ಟಿದೆ. ನಮ್ಮ ಕಟಿಂಗ್ ಮಾಸ್ಟರ್ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದಾರೆ. ಇಷ್ಟು ವರ್ಷ ನಾನು ಹೊಲಿದ ಕಾಲರುಗಳೆಲ್ಲ ಸೊಟ್ಟಗಿರುವುದು ಈಗ ಕಾಣುತ್ತಿದೆಯಂತೆ. ಗಿರಾಕಿಗಳಲ್ಲಿ ಕೆಲವರು ಅಳತೆ ಕೊಟ್ಟು ನನ್ನ ಮುಖ ನೋಡದೆ ಹೊರಟುಹೋಗುತ್ತಾರೆ. ಕೆಲವರು ನಿಂತು, "ನಿಮ್ ಮಗ ಮಾಡಿದ್ದು ಸರಿ ಕಣ್ರೀ, ಇಂಥ ಕಾಲದಲ್ಲಿ ಯೋಚ್ನೆ ಮಾಡ್ತಾ ಕೂತ್ರೆ ಆಗುತ್ತಾ?" ಎಂದು ಧೈರ್ಯ ಹೇಳುತ್ತಾರೆ. ಮುಖ ನೋಡದವರೇ ವಾಸಿ.

ಮೊನ್ನೆ ನಿಮ್ಮ ಸಾಹೇಬರು ಬಂದಿದ್ದರು. ಬಡ್ತಿಯಂತೆ! ಹೊಸ ಯೂನಿಫಾರಂ ಬಟ್ಟೆ, ಜೊತೆಗೆ ಒಂದು ಚೀಲ ಸೇಬು. ನಾನೇನು ಕಾಯಿಲೆ ಬಿದ್ದಿದ್ದೇನೆಯೇ, ಸೇಬು ತರಲು? ಟೇಪು ಹಿಡಿದು ಸೊಂಟ ಅಳೆಯುತ್ತಿದ್ದೆ. ಪ್ರತಿ ಬಡ್ತಿಗೂ ಆ ಸೊಂಟಕ್ಕೆ ಎರಡೆರಡು ಬೆರಳು ಸೇರುತ್ತದೆ. ಉಸಿರು ಹಿಡಿದು ಹೊಟ್ಟೆ ಒಳಗೆಳೆದುಕೊಂಡೇ ಹೇಳಿದರು, "ಅಮ್ಮಾ, ನಿಮ್ ಮಗನ್ನ ನಾವು ಕೈ ಬಿಡಲ್ಲ. ಇದ್ರಲ್ಲಿ ಯಾರ ತಪ್ಪೂ ಇಲ್ಲ. ವ್ಯವಸ್ಥೆಯಲ್ಲಿ ಸಣ್ಣದೊಂದು ಲೋಪ ಆಗಿದೆ, ಅಷ್ಟೇ."

"ವ್ಯವಸ್ಥೆ ಅಂದ್ರೆ ಯಾರು ಸ್ವಾಮಿ? ಅವರೂ ಅಳತೆ ಕೊಡೋಕೆ ಬರ್ತಾರಾ?" ಅಂದೆ.

ನಕ್ಕರು. ನಾನು ನಗಲಿಲ್ಲ. ಟೇಪು ಸುತ್ತಿಟ್ಟು ಬಟ್ಟೆ ವಾಪಸ್ ಕೊಟ್ಟು, "ಬೇರೆ ಕಡೆ ಹೊಲಿಸ್ಕೊಳ್ಳಿ. ಸೇಬೂ ತಗೊಂಡ್ಹೋಗಿ," ಅಂದೆ. ಮಾಸ್ಟರ್ ಕತ್ತರಿ ಹಿಡಿದ ಕೈಯಲ್ಲೇ ತಲೆ ಚಚ್ಚಿಕೊಂಡರು. ಇಷ್ಟು ಹೊತ್ತಿಗೆ ಆ ಸುದ್ದಿ ನಿನಗೆ ಮುಟ್ಟಿರಬೇಕು. ಅದಕ್ಕೇ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದೀಯ ಎಂದುಕೊಂಡಿದ್ದೇನೆ.

ಇನ್ನು ನಿನಗೆ ಮುಟ್ಟದ ಸುದ್ದಿ. ವಿಚಾರಣೆಗೆ ನಾನು ಬಂದಿದ್ದೆ. ನೀನು ಬರಬೇಡ ಅಂದಿದ್ದೆ, ಗೊತ್ತು. ನಿನ್ನ ಮಾತು ಕೇಳಿಕೊಂಡು ಮನೆಯಲ್ಲಿ ಕೂರಲು ನಾನು ನಿನ್ನ ಕೈಕೆಳಗಿನ ಪೇದೆಯಲ್ಲ. ಕೊನೆಯ ಬೆಂಚಿನಲ್ಲಿ, ಕಂಬದ ಮರೆಯಲ್ಲಿ ಕೂತಿದ್ದೆ. ನಿಮ್ಮವರೆಲ್ಲ ಒಬ್ಬರ ಹಿಂದೆ ಒಬ್ಬರು ಎದ್ದು ಓದಿದರು. ಎಲ್ಲರ ಕಾಗದದಲ್ಲೂ ಒಂದೇ ಮಾತು: "ಪೊಲೀಸ್, ನಿಲ್ಲು ಎಂದು ಎರಡು ಬಾರಿ ಜೋರಾಗಿ ಕೂಗಿ ಎಚ್ಚರಿಸಲಾಯಿತು. ಆದರೂ ಆತ ಜೇಬಿಗೆ ಕೈ ಹಾಕಿದ." ಒಂದೇ ಥಾನಿನಿಂದ ಕತ್ತರಿಸಿದ ಬಟ್ಟೆ! ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಬರೆಸಿದರಂತೆ, ನೆನಪಿಗೆ ಅನುಕೂಲವಾಗಲಿ ಎಂದು. ನ್ಯಾಯಾಧೀಶೆ ಕೇಳಿದಾಗ ನಿಮ್ಮ ವಕೀಲರು ಇದು ರೂಢಿ ಎಂದರು. ಕೊನೆಗೆ ನೀನು ಎದ್ದೆ. ಉಳಿದವರು ಕೂಗಲಾಯಿತು ಎಂದರೆ, ನೀನು "ನಾನೇ ಕೂಗಿದೆ" ಎಂದೆ.

ಮಗಾ, ಇದನ್ನು ಯಾರ ಮುಂದೆ ಹೇಳಿದೆ ನೀನು?

ಹೆದರಿಕೆಯಾದರೆ ನಿನ್ನ ಮಾತು ಉಗ್ಗುತ್ತದೆ. ಅದರಲ್ಲೂ 'ಪ' ಬಂದರೆ ಮುಗಿಯಿತು, ತುಟಿಗೆ ತುಟಿ ಅಂಟಿಕೊಂಡುಬಿಡುತ್ತದೆ. ಶಾಲೆಯಲ್ಲಿ ಪೆನ್ಸಿಲ್ ಕೇಳಲು ಆಗದೆ "ಸೀಸದ ಕಡ್ಡಿ" ಎನ್ನುತ್ತಿದ್ದೆ, ಮೇಷ್ಟ್ರು ಎಂಥಾ ಪಂಡಿತ ಇವನು ಎಂದು ಬೆನ್ನು ತಟ್ಟುತ್ತಿದ್ದರು. ಉಗ್ಗುವುದು ತಪ್ಪಲ್ಲ. ಒಂದು ದಿನವೂ ನಾನು ಅದಕ್ಕೆ ನಾಚಿಕೊಂಡವಳಲ್ಲ, ನಿನ್ನ ಗುರಿ ನೋಡಿ ಕೆಲಸ ಕೊಟ್ಟವರೂ ನಾಚಿಕೊಳ್ಳಲಿಲ್ಲ. ನಿಮ್ಮ ತಂಡದಲ್ಲಿ ಅದಕ್ಕೊಂದು ಏರ್ಪಾಡೂ ಇತ್ತು. "ಕೂಗೋದು ನಂದು, ಗುರಿ ನಿಂದು" ಅಂತ ಸಾಹೇಬರೇ ಹೇಳಿದ್ದಾರೆ ಎಂದು ಇದೇ ಅಂಗಡಿಯಲ್ಲಿ ಕೂತು ನೀನು ಹೆಮ್ಮೆಯಿಂದ ಹೇಳಿದ್ದೆ.

ನಿನ್ನ ಗುಂಡಿಗೆ ಆ ಹುಡುಗ ಸತ್ತ ಮಾರನೆಯ ದಿನ ಬಂದೆಯಲ್ಲ, ನೆನಪಿದೆಯೇ? ಬೆಳಗ್ಗೆಯೇ ಟೀವಿಯವರು ಹೇಳಿಬಿಟ್ಟಿದ್ದರು, ಸತ್ತವನು ಬಾಂಬ್ ಇಟ್ಟವನಲ್ಲ, ಬಾಂಬಿನವನ ಮೇಲಿನ ಮನೆಯ ಬಾಡಿಗೆಯವನು, ಟೈಲ್ಸ್ ಹಾಕುವವನು, ಚೀಲದಲ್ಲಿದ್ದದ್ದು ಕರಣೆ, ಮಟ್ಟಗೋಲು ಎಂದು. ನೀನು ಸೀದಾ ಟ್ರಯಲ್ ರೂಮಿಗೆ ನುಗ್ಗಿ ಪರದೆ ಎಳೆದುಕೊಂಡೆ. ನಾನು ಒಳಗೆ ಬಂದರೆ ನೀನು ಕನ್ನಡಿಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕುಸಿದಿದ್ದೆ. ಒಂದೊಂದು ಮಾತಿಗೂ ಒದ್ದಾಡಿ ಹೇಳಿದೆ, "ಸಾಹೇಬ್ರು ಕೂಗ್ತಾರೆ ಅಂತ ಕಾದೆ ಅಮ್ಮಾ. ಅವರು ಮೇಲೆ ರಸ್ತೇಲೇ ವೈರ್‌ಲೆಸ್ಸಲ್ಲಿ ಮಾತಾಡ್ತಾ ಉಳ್ಕೊಂಡಿದ್ರು. ಅವನು ರಸ್ತೆ ದಾಟೋ ಸುರಂಗದ ಮೆಟ್ಲು ಇಳೀತಿದ್ದ, ಜೇಬಿಗೆ ಕೈ ಹಾಕ್ದ. ಕೂಗ್ಬೇಕು ಅಂತ ಬಾಯಿ ತೆಗ್ದೆ. ಬರ್ಲಿಲ್ಲ ಅಮ್ಮಾ. ಬೆರಳೇ ಒತ್ತಿಬಿಡ್ತು." ನಾನು ನಿನ್ನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದೆ. ಹೊರಗೆ ಯಾರೋ ಬ್ಲೌಸ್ ಆಯ್ತಾ ಎಂದು ಕೇಳುತ್ತಿದ್ದರು.

ಅವತ್ತು ನಿನ್ನ ಮೇಲೆ ನನಗೆ ಸಿಟ್ಟಿರಲಿಲ್ಲ. ಕೂಗದೆ ಹೊಡೆಯಬಾರದು ಎಂದು ಗೊತ್ತಿದ್ದೂ ಹೊಡೆದೆ. ಘೋರ ತಪ್ಪು, ಆದರೆ ತಪ್ಪು ಎಂದು ಒಪ್ಪಿಕೊಂಡು ಅತ್ತೆ. ಕೂಗಬೇಕಾದವರು ಕೂಗಲಿಲ್ಲ, ಅದನ್ನೂ ಹೇಳಿದೆ. ಸತ್ಯ ಹೇಳುತ್ತಾನೆ, ಶಿಕ್ಷೆಯಾದರೆ ಆಗಲಿ, ಜೈಲಿಗೆ ನಾನೇ ಹೋಗಿ ನೋಡಿ ಬರುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಈಗ ಉರಿಯುತ್ತಿದೆ ಮೈಯೆಲ್ಲ. ಗುಂಡು ಹಾರಿಸಿದ್ದೂ ನೀವೇ, ತಪ್ಪನ್ನು ಸತ್ತವನ ತಲೆಗೆ ಕಟ್ಟಿದವರೂ ನೀವೇ. ನಿಲ್ಲು ಎಂದರೂ ನಿಲ್ಲಲಿಲ್ಲವಂತೆ! ಥೂ, ನಿಮ್ಮ ನಾಲಿಗೆಗಳಿಗೆ ಹುಳ ಬೀಳಲಿ ಎಂದು ಬರೆಯಲು ಹೊರಟೆ, ಅದರಲ್ಲಿ ನಿನ್ನದೂ ಒಂದು ಎಂದು ಕೈ ಹಿಂದೆಗೆಯಿತು.

ವಿರಾಮ ಬಿಟ್ಟಾಗ ನೀರು ಕುಡಿಯಲು ಕಾರಿಡಾರಿಗೆ ಹೋದೆ. ಅಲ್ಲಿ ಒಬ್ಬ ಹೆಂಗಸು ನಲ್ಲಿ ತಿರುಗಿಸಲಾಗದೆ ನಿಂತಿದ್ದರು. ನಾನೇ ತಿರುಗಿಸಿ ಲೋಟ ತುಂಬಿಕೊಟ್ಟೆ. ಕುಡಿಯಲಿಲ್ಲ, ಹಿಡಿದುಕೊಂಡೇ ಮಾತಾಡಿದರು. ಆ ಹುಡುಗನ ತಾಯಿ.

"ನಾನೇ ಕಣಮ್ಮಾ ಫೋನ್ ಮಾಡಿದ್ದು," ಅಂದರು. "ಬರ್ತಾ ಬಿ.ಪಿ. ಮಾತ್ರೆ ತಗೊಂಬಾ ಅನ್ನೋಕೆ. ಪೊಲೀಸ್ರು ಅಷ್ಟು ಜೋರಾಗಿ ನಿಲ್ಲು ನಿಲ್ಲು ಅಂದ್ರಂತೆ, ಎಲ್ರೂ ಹೇಳ್ತಿದಾರಲ್ಲ. ಅದೇ ಹೊತ್ತಿಗೆ ನನ್ ಫೋನು ಬಡ್ಕೊಂಡಿದೆ. ನನ್ ಫೋನ್ ಅಂದ್ರೆ ಅವನು ಎಲ್ಲಿದ್ರೂ ಎತ್ತೋನು. ಅವರ ಮಾತು ಕಿವಿಗೇ ಹಾಕ್ಕೊಂಡಿಲ್ಲ. ಮಾತ್ರೆ ನಾಳೆ ತಂದಿದ್ರೆ ನಾನೇನು ಸಾಯ್ತಿದ್ನಾ?"

ಆಮೇಲಿಂದ ಅವರು ಆ ಮಾತ್ರೆ ಮುಟ್ಟಿಲ್ಲವಂತೆ. ಮಗಳು ಬಲವಂತ ಮಾಡಿದರೆ ಬಾಯಲ್ಲಿಟ್ಟುಕೊಂಡು ಹಿತ್ತಲಲ್ಲಿ ಉಗಿಯುತ್ತಾರಂತೆ. "ನನ್ನ ಕೈಯಾರೆ ಕೊಂದೆ" ಎನ್ನುತ್ತಾರೆ. ಯಾರೂ ಕೂಗಲಿಲ್ಲಮ್ಮಾ, ನಿಮ್ಮ ಮಗನಿಗೆ ನಿಲ್ಲು ಎಂದು ಒಬ್ಬರೂ ಹೇಳಲಿಲ್ಲ, ಫೋನ್ ಬಂತೆಂದು ಜೇಬಿಗೆ ಕೈ ಹಾಕುವುದು ಸಾಯುವಂಥ ತಪ್ಪಲ್ಲ. ಇಷ್ಟು ಹೇಳಲು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವರು, "ನೀವ್ಯಾರ ಕಡೆಯವ್ರು? ನಿಮ್ ಮಗನಿಗೂ ಹಿಂಗೇ ಆಯ್ತಾ?" ಎಂದು ನನ್ನ ಕೈ ಹಿಡಿದರು. ಹೂಂ ಎಂದು ತಲೆಯಾಡಿಸಿದೆ. ನನ್ನ ಬೆನ್ನು ಸವರಿ ಅವರೇ ನನಗೆ ಸಮಾಧಾನ ಹೇಳಿದರು, ಮಗಾ. ನಾನು ಅಲ್ಲಿಂದ ಒಳಗೆ ಹೋಗದೆ ಸೀದಾ ಬಸ್ ಹತ್ತಿದೆ.

ನೀನು ಹೇಳುವುದು ನನಗೆ ಮೊದಲೇ ಕೇಳಿಸುತ್ತಿದೆ. ಕೆಲಸ ಹೋಗುತ್ತೆ, ಜೈಲಾಗುತ್ತೆ, ಸಾಹೇಬ್ರು ಸುಮ್ನೆ ಬಿಡಲ್ಲ, ಹೆಂಡತಿ ಬಸುರಿ, ಅಮ್ಮಾ ಸ್ವಲ್ಪ ಯೋಚ್ನೆ ಮಾಡು. ಎಲ್ಲ ನಿಜ. ಮೊಮ್ಮಗು ಬರುತ್ತದೆಂದು ನಾನೂ ಕುಲಾವಿ ಹೊಲಿದು ಇಟ್ಟುಕೊಂಡವಳೇ. ಆದರೆ ಕಾಯಿಲೆಯ ಹೆಂಗಸೊಬ್ಬಳು ಮಗನನ್ನು ತಾನೇ ಕೊಂದೆ ಎಂದುಕೊಂಡು ಮಾತ್ರೆ ಉಗಿಯುತ್ತಾ ಸಾಯಬೇಕು, ನಾವು ಮಗುವಿಗೆ ಹೆಸರು ಹುಡುಕುತ್ತಾ ಕೂರಬೇಕು ಎಂದರೆ ನನ್ನಿಂದ ಆಗದು. ಸೊಸೆಗೆ ಈ ಕಾಗದ ತೋರಿಸು. ಏನೇ ಆದರೂ ಅವಳು, ಮಗು ನನ್ನ ಜವಾಬ್ದಾರಿ. ಮಿಷನ್ ತುಳಿಯಲು ನನ್ನ ಕಾಲಿಗೆ ಇನ್ನೂ ಶಕ್ತಿಯಿದೆ.

ಸೋಮವಾರ ವಿಚಾರಣೆ ಮತ್ತೆ ಶುರು, ಅದಕ್ಕೇ ಈ ಕಾಗದ ಅಂಚೆಗೆ ಹಾಕದೆ ಮಾಸ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ವಿಷಯ ಗೊತ್ತಿದ್ದವರು ಯಾರೇ ಆದರೂ ಮುಂದೆ ಬಂದು ಹೇಳಬಹುದು ಎಂದು ನ್ಯಾಯಾಧೀಶೆ ಅಂದಿದ್ದಾರೆ. ನಾನು ಹೋಗುತ್ತೇನೆ. ಟ್ರಯಲ್ ರೂಮಿನಲ್ಲಿ ನೀನು ಹೇಳಿದ್ದನ್ನು ಒಂದಕ್ಷರ ಕೂಡಿಸದೆ, ಒಂದಕ್ಷರ ಕಳೆಯದೆ ಹೇಳುತ್ತೇನೆ. ಹೆತ್ತ ತಾಯಿಯೇ ಮಗನ ಕುತ್ತಿಗೆಗೆ ಬಂದಳು ಎಂದು ಊರು ಆಡಿಕೊಳ್ಳಲಿ. ಆದರೆ ನಾನು ಏಳುವ ಮೊದಲು ನೀನು ಎದ್ದರೆ, ನಾನು ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಎದ್ದು ನಿಲ್ಲು. ಆ ಕಾಗದ ಹರಿದುಹಾಕು. ಉಗ್ಗಿದರೆ ಉಗ್ಗು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಉಗ್ಗು, ಯಾರಾದರೂ ನಕ್ಕರೆ ನಾನು ನೋಡಿಕೊಳ್ಳುತ್ತೇನೆ. ಒಂದು ಮಾತು ಬರುವವರೆಗೆ ಆ ತಾಯಿ ಕಾಯುತ್ತಾರೆ. ನಾನೂ ಕಾಯುತ್ತೇನೆ.

ಸರಿಯಾಗಿ ಊಟ ಮಾಡು. ನಿದ್ದೆ ಬರುತ್ತಿಲ್ಲ ಎಂದು ಸೊಸೆ ಹೇಳಿದಳು. ಬರಬಾರದು, ಆದರೂ ಮಲಗು. ನೀನು ನೂರು ವರ್ಷ ಬಾಳು, ತಲೆಯೆತ್ತಿಕೊಂಡು ಬಾಳು ಎಂದೇ ಇವತ್ತಿಗೂ ನನ್ನ ಹಾರೈಕೆ.

ಇಂತಿ,
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಒಂದು ಮಾತು ಬರೆಯದೆ ಬಿಟ್ಟಿದ್ದೆ, ನಾಚಿಕೆಯಿಂದ. ನೀನು ಅವತ್ತು ಓದುವಾಗ 'ಪೊಲೀಸ್' ಎಂಬ ಮಾತು ಹತ್ತಿರ ಬರುತ್ತಿದ್ದಂತೆ ನಾನು ಸೆರಗು ಬಿಗಿಯಾಗಿ ಹಿಡಿದುಕೊಂಡೆ, ನನ್ನ ತುಟಿಯೂ ನಿನ್ನ ಜೊತೆ ಒತ್ತಿಕೊಂಡಿತು. ನೀನು ನೀರು ಕುಡಿದಷ್ಟು ಸಲೀಸಾಗಿ ಅಂದುಬಿಟ್ಟೆ. ಅಷ್ಟು ಜನರ ಮುಂದೆ, ಮೊದಲಿಂದ ಕೊನೆಯವರೆಗೆ, ಎಲ್ಲೂ ಉಗ್ಗಲಿಲ್ಲ. ನನಗೆ ಎಂಥಾ ಸಂತೋಷವಾಯಿತೆಂದರೆ, ಅಯ್ಯೋ, ನನ್ನ ಕಂದ ಮಾತಾಡಿದ ಎಂದು ಕಣ್ಣಲ್ಲಿ ನೀರು ಬಂತು. "ನನ್ ಮಗ" ಎಂದು ಪಕ್ಕದಲ್ಲಿದ್ದವರಿಗೆ ಹೇಳಿಯೂಬಿಟ್ಟೆ. ನೀನು ಏನು ಹೇಳಿದೆ ಎಂಬುದು ನನಗೆ ಆಮೇಲೆ ಕೇಳಿಸಿತು.