ಕಂಬಳಿಗೆ ಹತ್ತು ದಿನ

ರಾಣೆಬೆನ್ನೂರು
ಗುರುವಾರ, ಏಪ್ರಿಲ್ 18

ಮಹೇಶ್ವರಿ,

ಮೊದಲು ಇಷ್ಟು ಓದು, ಉಳಿದದ್ದು ಆಮೇಲೆ. ಪ್ರಿಯಾಂಕಾಳನ್ನು ಈಗಲೇ ಬ್ಯಾಡಗಿಯ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹುಚ್ಚುನಾಯಿ ಕಡಿತಕ್ಕೆ ಕೊಡುವ ಇಂಜೆಕ್ಷನ್ ಶುರು ಮಾಡಿಸು. ನಮ್ಮ ನಾಯಿ ಕಂಬಳಿ ಅವಳನ್ನು ಕಚ್ಚಿಲ್ಲ. ಹೋದ ಭಾನುವಾರ ಅಂಗಳದಲ್ಲಿ ಬಿದ್ದು ಮೊಣಕಾಲು ತರಚಿಕೊಂಡಳು, ಕಂಬಳಿ ಆ ಗಾಯವನ್ನು ನೆಕ್ಕಿತು. ಡಾಕ್ಟರು ಕೇಳಿದರೆ ‘ಹಸಿ ಗಾಯ ನೆಕ್ಕಿದೆ’ ಎಂದೇ ಹೇಳು. ಕಚ್ಚಿಲ್ಲ ಎಂದಷ್ಟೇ ಹೇಳಿದರೆ ವಾಪಸು ಕಳಿಸಿಬಿಟ್ಟಾರು.

ಆಸ್ಪತ್ರೆಯಿಂದ ಬಂದ ಮೇಲೆ ಇದನ್ನು ಓದು.

ನಿನ್ನೆಯಿಂದ ಫೋನು ಮಾಡುತ್ತಿದ್ದೇನೆ. ಸಂದೇಶವನ್ನೂ ಕಳಿಸಿದೆ, ದೀಪಾವಳಿಯಿಂದ ನಾನು ಕಳಿಸಿದ ಯಾವುದಕ್ಕೂ ಒಂದೇ ಟಿಕ್ ಗೀಟು, ನಿನ್ನನ್ನು ಮುಟ್ಟಿಲ್ಲ, ಇದಕ್ಕೂ ಒಂದೇ. ಇವತ್ತು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ದಿನ, ಯೂಸುಫಸಾಬರ ಗಾಡಿ ಅಲ್ಲಿಗೆ ಬರುತ್ತದೆ. ಭಾನುವಾರ ಮಗಳನ್ನು ಕರೆತಂದು ಬಿಡುವ ಅದೇ ಗಾಡಿಯಲ್ಲಿ ಈ ಪತ್ರ. ನಾನೇ ಬರಬಹುದಿತ್ತು, ಆದರೆ ಕಂಬಳಿಯನ್ನು ಬಿಟ್ಟು ಗೇಟಿನಾಚೆ ಹೋಗುವಂತಿಲ್ಲ. ಅಕ್ಷರ ಸೊಟ್ಟಗಿವೆ. ಕಿಟಕಿ ಮುಚ್ಚಿದ್ದೇನೆ, ಬೆಳಕು ಕಡಿಮೆ.

ಮಂಗಳವಾರ ಬೆಳಗ್ಗೆ ಕಂಬಳಿ ಎದ್ದು ನಿಲ್ಲಲು ಹೋಗಿ ಮಗ್ಗುಲಿಗೆ ಬಿತ್ತು. ಬಿಸಿಲಿನ ಹೊಡೆತ ಅಂದುಕೊಂಡೆ. ಅಷ್ಟುದ್ದ ಕೂದಲಿನ ಚಳಿದೇಶದ ಕೋಲಿ ನಾಯಿ, ಈ ಊರಿನ ಏಪ್ರಿಲ್. ಓಣಿಯವರು ಯಾವಾಗಲೂ ಅನ್ನುತ್ತಿದ್ದುದು ನಿನಗೆ ಗೊತ್ತಲ್ಲ, ಸರ್ರ, ನಿಮ್ಮ ನಾಯಿ ಎಸಿ ಕೇಳಾಕತ್ತೈತಿ ನೋಡ್ರಿ ಅಂತ. ಗೋಣಿಚೀಲ ನೆನೆಸಿ ಹಾಸಿದೆ. ಮಧ್ಯಾಹ್ನದ ಹೊತ್ತಿಗೆ ಜೊಲ್ಲು ಸುರಿಯತೊಡಗಿತು. ನೀರು ಇಟ್ಟರೆ ಮುಖ ತಿರುಗಿಸಿತು. ಕುಡಿಸಲು ನೋಡಿದೆ, ಗಂಟಲಲ್ಲಿ ಇಳಿಯಲಿಲ್ಲ. ಕಣ್ಣ ಮುಂದೆ ಕೈ ಆಡಿಸಿದೆ, ರೆಪ್ಪೆ ಅಲುಗಲಿಲ್ಲ. ನಾನು ಎದುರಿಗೇ ಕೂತಿದ್ದರೂ ಅದು ನನ್ನನ್ನು ಹುಡುಕುತ್ತಿತ್ತು.

ಆಗ ಹುಚ್ಚು ಎಂಬ ಶಬ್ದ ತಲೆಯೊಳಗೆ ಬಂತು. ಬಂದದ್ದು ಇನ್ನೂ ಹೋಗಿಲ್ಲ.

ಹೋದ ತಿಂಗಳು ಕೆರೆಯ ಏರಿಯ ಮೇಲೆ ಒಂದು ಬೀದಿನಾಯಿ ಇದರ ಮೇಲೆ ಎರಗಿತ್ತು. ಕುತ್ತಿಗೆಯ ಕೂದಲಲ್ಲಿ ಗಾಯವೇನೂ ಕಾಣಲಿಲ್ಲ, ಬಾಚಿ ಸುಮ್ಮನಾದೆ. ವರ್ಷಕ್ಕೊಮ್ಮೆ ಲಸಿಕೆ ಹಾಕಿಸುತ್ತಿದ್ದವಳು ನೀನು. ಈ ವರ್ಷ ಯಾರೂ ಹಾಕಿಸಿಲ್ಲ.

ನಿನ್ನೆ ಹಾವೇರಿಯಿಂದ ಪಶುವೈದ್ಯೆ ಅಲ್ಮಾಸ ಬಂದಿದ್ದರು. ಸಣ್ಣ ವಯಸ್ಸಿನ ಹೆಣ್ಣುಮಗಳು, ಅಂಗಳದ ಆ ತುದಿಯಲ್ಲೇ ನಿಂತು ಬಹಳ ಹೊತ್ತು ನೋಡಿದರು. ಏನಾದರೂ ಔಷಧಿ, ಇಂಜೆಕ್ಷನ್ ಕೊಟ್ಟಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ. ಆಗ ಅವರ ದನಿ ಇಳಿಯಿತು. ಕಟ್ಟಿಹಾಕಿ, ಮುಟ್ಟಬೇಡಿ, ಹತ್ತು ದಿನ ನೋಡಿ ಎಂದರು. ಹುಚ್ಚು ಹಿಡಿದ ನಾಯಿ ಅಷ್ಟು ದಿನ ಬದುಕುವುದಿಲ್ಲವಂತೆ. ಬದುಕಿತೆಂದರೆ ನೆಕ್ಕಿಸಿಕೊಂಡವರಿಗೂ ಭಯವಿಲ್ಲ. ಸತ್ತರೆ ತಲೆ ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು. ಅವರು ಇದನ್ನು ಮೆತ್ತಗೆ ಹೇಳಿದರು.

ಇಲ್ಲಿ ಬೀಜದ ಕಂಪನಿಯಲ್ಲಿ ನನ್ನ ಕೆಲಸವೂ ಅದೇ ಅಲ್ಲವೇ. ಒದ್ದೆ ಕಾಗದದಲ್ಲಿ ಬೀಜ ಸುತ್ತಿಟ್ಟು ಮೊಳೆಯುತ್ತದೋ ಇಲ್ಲವೋ ಎಂದು ಕಾಯುವುದು. ಕಾಯುವುದು ನನಗೆ ಬರುತ್ತದೆ ಅಂದುಕೊಂಡಿದ್ದೆ.

ಓಣಿಗೆ ಸುದ್ದಿ ಹಬ್ಬಿದೆ. ಹೊಡದು ಹಾಕ್ರಿ ಸರ, ಸಣ್ಣ ಹುಡುಗ್ರು ಓಡ್ಯಾಡೋ ಓಣಿ ಐತಿ ಅನ್ನುತ್ತಾರೆ. ತಪ್ಪು ಅನ್ನಲಾರೆ. ನಿನ್ನೆ ಸಂಜೆ ಇಬ್ಬರು ಬಡಿಗೆ ಹಿಡಿದು ಗೇಟಿನ ತನಕ ಬಂದರು. ಇದು ಬದುಕಿದ್ದರೆ ಮಾತ್ರ ನನ್ನ ಮಗಳಿಗೆ ಏನೂ ಇಲ್ಲ ಅಂತ ನನಗೆ ಗೊತ್ತಾಗ್ತದ ಎಂದೆ. ಅವರು ಬಡಿಗೆ ಕೆಳಗಿಳಿಸಿದರು. ಮತ್ತೆ ಬರುವುದಿಲ್ಲವೆಂದು ಹೇಳಿಲ್ಲ. ಅದಕ್ಕೇ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಬೆಳಗ್ಗೆ ಎದ್ದ ಕೂಡಲೇ ಒಂದು ಲೋಟ ನೀರು ಕುಡಿಯುತ್ತೇನೆ, ಗುಟುಕು ಗುಟುಕಾಗಿ, ಗಂಟಲನ್ನು ಗಮನಿಸುತ್ತ. ಯಾಕೆಂದು ಕೇಳಬೇಡ.

ಇವತ್ತು ಬೆಳಗ್ಗೆ ಅಂಜಿನಪ್ಪ ಬಂದ. ಹಿಂದಿನ ಖಾಲಿ ಹೊಲದಲ್ಲಿ ಬೇಸಿಗೆಗೆ ಕುರಿ ತರುಬಿ ಬೀಡು ಬಿಡುತ್ತಾನಲ್ಲ, ಅವನೇ. ನಾನು ಕೆಲಸಕ್ಕೆ ಹೋದಾಗ ಕಂಬಳಿಗೆ ಮಧ್ಯಾಹ್ನದ ನೀರು ಇಡುವವನು. ಗೇಟು ದಾಟಲಿಲ್ಲ, ಟವೆಲ್ಲು ಹಿಂಡುತ್ತ ನಿಂತ. ಅವನು ಹೇಳಿದ್ದು ಹಾಗೇ ಬರೆಯುತ್ತೇನೆ. ಸರ್ರ, ಸೋಮವಾರ ನೋಡಿದ್ನಿ, ಮೈತುಂಬ ಉಣ್ಣಿ ಆಗಿದ್ವು. ನಮ್ಮ ಕುರಿಗೆ ಚುಚ್ಚೋ ಔಷಧ ಒಂದೀಟು ಚುಚ್ಚಿದ್ನಿ. ನನ್ನ ನಾಯಿಗೂ ಅದನ್ನ ಚುಚ್ಚತೇನಿ, ಒಂದಕ್ಕೂ ಏನೂ ಆಗಿಲ್ಲ. ಇದು ಕುರಿ ಕಾಯೋ ಜಾತಿ ಅಂತ ನೀವ ಹೇಳಿದ್ರಿ. ಕುರಿ ತಡಕೊಂಡಿದ್ದು ಕುರಿ ಕಾಯೋದು ತಡಕೊಳ್ಳಂಗಿಲ್ಲೇನು ಅಂದ್ಕೊಂಡ್ನಿ.

ಅವನೆದುರಿಗೇ ಅಲ್ಮಾಸರಿಗೆ ಫೋನು ಮಾಡಿದೆ. ಔಷಧಿಯ ಹೆಸರೇನೆಂದು ಅವರು ಅವನನ್ನೇ ಕೇಳಿ ತಿಳಿದುಕೊಂಡರು. ಆಮೇಲೆ ಹೇಳಿದರು: ಬೇರೆ ನಾಯಿಗಳಲ್ಲಿ ಆ ಔಷಧಿ ಮಿದುಳಿನ ಹೊರಗೇ ಉಳಿಯುತ್ತದೆ, ಕೋಲಿ ಜಾತಿಯ ಬಹಳಷ್ಟು ನಾಯಿಗಳಲ್ಲಿ ಒಳಗೆ ನುಗ್ಗುತ್ತದೆ. ಕುರುಡು, ನಡುಕ, ಜೊಲ್ಲು ಎಲ್ಲವೂ ಅದರಿಂದಲೇ ಆಗಿರಬಹುದು. ಬರುತ್ತೇನೆ, ಸಲೈನ್ ಹಚ್ಚೋಣ, ನಿಧಾನಕ್ಕೆ ಇಳಿದೀತು ಎಂದರು. ಹಾಗಾದರೆ ಹುಚ್ಚು ಅಲ್ಲವಲ್ಲ ಎಂದೆ. ಅಲ್ಲವೆಂದು ನಾನು ಹೇಳಲಾರೆ ಸರ್, ಎರಡೂ ನೋಡಲು ಒಂದೇ ಥರ ಎಂದರು. ಇಂಜೆಕ್ಷನ್ ಮಾತ್ರ ತಡಮಾಡಬೇಡಿ ಎಂದೂ ಅಂದರು.

ಅಂಜಿನಪ್ಪನನ್ನು ಬೈಯಲು ಬಾಯಿ ಬರಲಿಲ್ಲ. ಅವನು ಹೇಳಿದ್ದು ನಿಜವಾಗಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಈಗ ಅದು ಮೂಲೆಯಲ್ಲಿ ಮಲಗಿದೆ. ಆಗಾಗ ಎದ್ದು, ಓಲಾಡುತ್ತ, ಹಗ್ಗದ ಉದ್ದಕ್ಕೆ ಸುತ್ತು ಹೊಡೆಯುತ್ತದೆ. ಮೊದಲು ಇದನ್ನೂ ರೋಗವೆಂದೇ ಭಯಪಟ್ಟೆ. ಆಮೇಲೆ ನೆನಪಾಯಿತು, ಇದು ಭಾನುವಾರಗಳಲ್ಲಿ ಮಾಡುವುದೇ. ನಾನು ಪಡಸಾಲೆಯಲ್ಲಿದ್ದು ಪ್ರಿಯಾಂಕಾ ಅಡುಗೆಮನೆಯಲ್ಲಿದ್ದರೆ ಅದು ಕೂರುವುದಿಲ್ಲ. ಹೋಗಿ ಅವಳ ಹಿಮ್ಮಡಿಗೆ ಮೂಗು ತಾಗಿಸಿ ಇಲ್ಲಿಗೆ ತಳ್ಳಿಕೊಂಡು ಬಂದ ಮೇಲೆಯೇ ಮಲಗುವುದು. ನಿನ್ನ ಮನೆಯ ಪಕ್ಕದ ಮೆಣಸಿನಕಾಯಿ ಕಣದ ಘಾಟು ಅವಳ ಬಟ್ಟೆಯಲ್ಲಿರುತ್ತದೆ. ಗಾಡಿ ನಿಲ್ಲುವ ಮೊದಲೇ ಇದಕ್ಕೆ ಸೀನು ಶುರು, ಬಾಲವೂ ಶುರು. ಅಪ್ಪಾ, ಕಂಬಳಿಗೆ ನಾನಂದ್ರ ನೆಗಡಿ ಎಂದು ಅವಳು ನಗುತ್ತಾಳೆ.

ನೀನು ಚೀಲ ಹಿಡಿದು ಹೊರಟ ದಿನವೂ ಅದು ನಿನ್ನನ್ನು ಸುತ್ತುಹಾಕಿ ಗೇಟಿನಿಂದ ಒಳಗೆ ತಳ್ಳಿತು. ಕೊರಳಪಟ್ಟಿ ಹಿಡಿದು ಅದನ್ನು ಈಚೆ ಎಳೆದವನು ನಾನು, ನಿನಗೆ ದಾರಿಯಾಗಲಿ ಎಂದು. ನಿಲ್ಲು ಎನ್ನಲಿಲ್ಲ, ನನ್ನ ಸಭ್ಯತೆ ಅಷ್ಟರಲ್ಲೇ ಮುಗಿಯಿತು.

ಮುಂದಿನ ಭಾನುವಾರ ಮಗಳನ್ನು ಕಳಿಸಬೇಡ. ಇನ್ನು ಮುಂದೆ ಕಳಿಸುವುದೇ ಇಲ್ಲವೆಂದು ನೀನು ಅನ್ನಬಹುದು. ಈ ಪತ್ರ ಬರೆಯಲು ನಾನು ಹೆದರಿದ್ದು ಅದಕ್ಕೂ. ಅವಳಿಗೆ ಕಂಬಳಿಗೆ ಜ್ವರ ಎಂದಷ್ಟೇ ಹೇಳು. ಇಂಜೆಕ್ಷನ್ ಯಾಕೆಂದು ಕೇಳಿಯೇ ಕೇಳುತ್ತಾಳೆ, ಬಿದ್ದ ಗಾಯಕ್ಕೆ ಅನ್ನು.

ಇಂಜೆಕ್ಷನ್ ಆಯಿತೋ ಇಲ್ಲವೋ, ಅದೊಂದು ಮಾತು ಯೂಸುಫಸಾಬರ ಕೈಲಿ ಹೇಳಿ ಕಳಿಸು.

ದುರುಗೇಶ

ಮತ್ತೆ: ಬೆಳಕಿನ ಮಾತು ಸುಳ್ಳು. ಮಂಗಳವಾರ ನೀರು ಕುಡಿಸಲು ಅದರ ಬಾಯೊಳಗೆ ಬೆರಳು ಹಾಕಿದ್ದೆ, ಹಲ್ಲು ಮೂಳೆಯ ತನಕ ಇಳಿಯಿತು. ಬಲಗೈಗೆ ಪಟ್ಟಿ ಇದೆ, ಇದು ಎಡಗೈ ಬರಹ. ನಿನ್ನೆ ಇಲ್ಲಿಯ ಆಸ್ಪತ್ರೆಯಲ್ಲಿ ಗಾಯದ ಸುತ್ತಲೂ ಚುಚ್ಚಿ ಮೊದಲ ಇಂಜೆಕ್ಷನ್ ಕೊಟ್ಟರು. ಇನ್ನು ಯಾರನ್ನಾದರೂ ಕಚ್ಚಿದೆಯೇ, ನೆಕ್ಕಿದೆಯೇ ಎಂದು ಅಲ್ಲಿ ಕೇಳಿದಾಗಲೇ ಮೊಣಕಾಲು ನೆನಪಾದದ್ದು.

ಲಕೋಟೆ ಅಂಟಿಸುವಷ್ಟರಲ್ಲಿ ಯೂಸುಫಸಾಬರು ಬಂದು ಗೇಟಿನಲ್ಲಿ ಗಾಡಿ ನಿಲ್ಲಿಸಿದರು. ಗಾಡಿಯ ಮೆಣಸಿನಕಾಯಿ ಘಾಟಿಗೆ ಮೂಲೆಯಲ್ಲಿ ಕಂಬಳಿ ಸೀನಿತು. ಎದ್ದು ಗೋಡೆಗೆ ಬಡಿದುಕೊಂಡು, ತಿರುಗಿ, ಹಗ್ಗ ಎಳೆಯುವಷ್ಟು ದೂರ ಬಾಗಿಲ ಕಡೆಗೆ ಬಂದು ನಿಂತಿದೆ. ಬಾಲ ಅಲ್ಲಾಡುತ್ತಿದೆ. ಗಾಡಿಯಿಂದ ಯಾರೂ ಇಳಿಯಲಿಲ್ಲವೆಂದು ಅದಕ್ಕೆ ಕಾಣುತ್ತಿಲ್ಲ.