ಗುರುವಾರದ ಉರಿ

ಶಿರಸಿ
೨೦೦೧ರ ಜೂನ್ ೨, ಶನಿವಾರ

ಪ್ರೀತಿಯ ಸ್ಫೂರ್ತಿಯ ಅಪ್ಪಯ್ಯನಿಗೆ,

ಹೇಗಿದ್ದೀರಿ? ಮಂಡಿನೋವು ಕಮ್ಮಿಯಾಯಿತೇ? ಮೈಸೂರಿಗೆ ಹೋಗಿ ಎರಡು ತಿಂಗಳಾಗುತ್ತ ಬಂತು, ಮೆಸ್ಸಿನ ಊಟ ಒಗ್ಗಿದೆ ಎಂದು ಬರೆದಿದ್ದಿರಿ, ಓದಿ ಸಮಾಧಾನವಾಯಿತು. ತರಬೇತಿ ಮುಗಿಯುವವರೆಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡಿ. ನಾನು, ಸ್ಫೂರ್ತಿ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ, ಬರೆದೆ. ನಿಜ ಹೇಳಬೇಕೆಂದರೆ ಬುಧವಾರದಿಂದ ನನಗೆ ಊಟ ಸೇರುತ್ತಿಲ್ಲ.

ನಮ್ಮ ಒಂದೊಲೆಯ ಸುದ್ದಿ ಇದು. ನಾಲ್ಕು ಮನೆ, ನಡುವೆ ಒಂದು ಅಡುಗೆಮನೆ, ದಿನಕ್ಕೊಬ್ಬರ ಸರದಿ, ಎಲ್ಲರಿಗೂ ಅದೇ ಊಟ ಎಂದು ಕಳೆದ ದೀಪಾವಳಿಗೆ, ಒಲೆ ಹಚ್ಚಿದ ದಿನ ನೀವು ನಿಂತು ಭಾಷಣ ಮಾಡಿದಿರಲ್ಲ, ಆ ಒಲೆ. ಬುಧವಾರ ಚೌಡಮ್ಮನ ಸರದಿ. ಅವಳೂ ಜಟ್ಟಪ್ಪನೂ ಬನವಾಸಿಯ ಗದ್ದೆ ಮಾರಿ, ನಿಮ್ಮ ಮಾತು ನಂಬಿ ಇಲ್ಲಿಗೆ ಬಂದವರು. ಗೋಬರ್ ಗ್ಯಾಸಿನ ಗುಂಡಿಯನ್ನು ಜಟ್ಟಪ್ಪ ತನ್ನ ಕೈಯಾರೆ ಕಟ್ಟಿದ. ನಮ್ಮ ಜಾತಿಯವರಲ್ಲದವರು ಬೇಯಿಸಿದ್ದನ್ನು ನಮ್ಮವರು ಸಾಲಾಗಿ ಕೂತು ಉಣ್ಣುವುದನ್ನು ನೋಡಬೇಕು ಎಂದು ನಾನು ಎಷ್ಟು ಆಸೆಪಟ್ಟಿದ್ದೆ! ಆದರೆ ಬುಧವಾರ ಬಂತೆಂದರೆ ಸಾಲೇ ಇರುತ್ತಿರಲಿಲ್ಲ. ಪಕ್ಕದ ಮನೆಯ ದೇವರು ಮಾಸ್ತರರಿಗೆ ಬೆನ್ನುನೋವು, ಕೂರಲಾಗದು. ವಕೀಲ ಕಿಶೋರನ ಮನೆಗೆ ಕಕ್ಷಿದಾರರು ಬಂದಿದ್ದಾರೆ, ಏಳಲಾಗದು. ಕ್ಯಾರಿಯರಿನಲ್ಲಿ ಊಟ ಒಯ್ಯುತ್ತಿದ್ದರು. ಸಂಜೆ ಕ್ಯಾರಿಯರು ತೊಳೆದು, ಒರೆಸಿ, ಫಳಫಳ ಎನ್ನುತ್ತ ವಾಪಸ್ಸು ಬರುತ್ತಿತ್ತು. ಜತೆಗೆ ‘ಹುಳಿ ಭಾರೀ ಚೊಲೋ ಆಗಿತ್ತು’ ಎಂಬ ಮಾತು. ಚೌಡಮ್ಮ ಹಿಗ್ಗಿಹೋಗಿ, ಸಾಲುತ್ತಿಲ್ಲವೇನೋ ಎಂದು ಮುಂದಿನ ವಾರ ಇನ್ನೊಂದು ಸೇರು ಅಕ್ಕಿ ಹೆಚ್ಚಿಗೆ ಹಾಕುತ್ತಿದ್ದಳು. ನಾನು ಸಿದ್ದಾಪುರದ ಶಾಲೆಯಲ್ಲಿ ಪಾಠ ಮುಗಿಸಿ ಬಸ್ಸಿಳಿದು ಬರುವಾಗ ನೀವು ನಮ್ಮ ಕ್ಯಾರಿಯರನ್ನೂ ತೊಳೆದು ಮಗುಚಿಟ್ಟಿರುತ್ತಿದ್ದಿರಿ. ಕಾಫಿಲೋಟ ಎತ್ತಿಡದ ಗಂಡಸು ಪಾತ್ರೆ ತೊಳೆಯುವಷ್ಟು ಬದಲಾದರಲ್ಲ ಎಂದು ಹೆಮ್ಮೆಯಿಂದ ಅಮ್ಮನಿಗೂ ಬರೆದಿದ್ದೆ.

ಇನ್ನೊಂದು ನಗೆಪಾಟಲಿನ ಸಂಗತಿ. ಗುರುವಾರ ಬೆಳಿಗ್ಗೆ ಗ್ಯಾಸಿನ ಉರಿ ಯಾವತ್ತೂ ಜೋರು. ಉಳಿದ ದಿನ ಕಣ್ಣುಮುಚ್ಚಾಲೆ ಆಡುವ ಒಲೆ ಗುರುವಾರ ಭುಗ್ಗೆನ್ನುತ್ತಿತ್ತು. ಅವತ್ತು ನನ್ನ ಸರದಿ ನೋಡಿ, ದೋಸೆ ಗರಿಗರಿಯಾಗಿ ಏಳುತ್ತಿತ್ತು. ನನ್ನ ಕೈಗುಣ ಎಂದು ಬೀಗುತ್ತಿದ್ದೆ. ಎಂಥ ಪೆದ್ದಿ ನಾನು!

ಮೊನ್ನೆ ಬುಧವಾರ ಚೌಡಮ್ಮ ಹೋಳಿಗೆ ಮಾಡಿದಳು. ಮಗಳು ದಿವ್ಯಾ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಳಲ್ಲ, ಅದಕ್ಕೆ. ರಜೆಯಾದ್ದರಿಂದ ನಾನೂ ಲಟ್ಟಿಸಲು ಕೂತಿದ್ದೆ. ಮಧ್ಯಾಹ್ನ ಎಂದಿನಂತೆ ಕ್ಯಾರಿಯರುಗಳು ಹೋದವು. ನಾಲ್ಕು ಗಂಟೆಗೆ ಸಗಣಿ ಕದಡುವ ಕೆರಿಯ ಹಿತ್ತಿಲಿನಿಂದ ಕೂಗಿದ, ಗುಂಡಿಯ ಬಾಯಿ ಕಟ್ಟಿಕೊಂಡಿದೆ ಎಂದು. ನಾವಿಬ್ಬರೂ ನೀರು ಹಿಡಿದು ಓಡಿದೆವು. ಅವನು ತೋಳಿನತನಕ ಕೈ ಹಾಕಿ ಜಗ್ಗಿದ. ಬಂದದ್ದೇನು ಗೊತ್ತೇ? ಹೋಳಿಗೆ. ಮಡಚಿದ್ದು ಮಡಚಿದ ಹಾಗೇ, ತುಪ್ಪದ ಜಿಡ್ಡಿನ ಸಮೇತ, ಸಗಣಿಯೊಳಗೆ. ಹಿಂದೆಯೇ ಅನ್ನದ ಮುದ್ದೆ. ಥೂ! ಸಗಣಿ ನನಗೆ ಅಸಹ್ಯವಲ್ಲ, ನಾನು ಕೊಟ್ಟಿಗೆಯಲ್ಲಿ ಬೆಳೆದವಳು. ‘ಚೊಲೋ ಆಗಿತ್ತು’ ಎಂದ ಆ ನಾಲಿಗೆಗಳು ಅಸಹ್ಯ. ಕೆರಿಯ ತಲೆ ತಗ್ಗಿಸಿ, ‘ಇವತ್ತಿಂದಲ್ಲ ಅಮಾ, ಬುಧವಾರ ಬುಧವಾರ ಇದೇಯ’ ಎಂದ. ಆಗ ನನಗೆ ಗುರುವಾರದ ಉರಿಯ ಗುಟ್ಟು ಹೊಳೆಯಿತು. ನನ್ನ ದೋಸೆ ಬೆಂದದ್ದು ಅವಳ ಅನ್ನದಲ್ಲಿ.

ಚೌಡಮ್ಮ ಅಳಲಿಲ್ಲ. ಕೆರಿಯನ ತೋಳಿಗೆ ನೀರು ಹೊಯ್ದು ತೊಳೆದಳು. ಆಮೇಲೆ ನನ್ನ ಕಡೆ ತಿರುಗಿ, ‘ಒಂದು ಮಾತು ಹೇಳಿದ್ರ ಆಗ್ತಿತ್ತಲ್ರಿ ಅಕ್ಕಾ, ಅಷ್ಟು ಅಕ್ಕಿ ಹಾಕ್ತಿರ್ಲಿಲ್ಲ’ ಎಂದಳು.

ಮರುದಿನ ಎಲ್ಲರೂ ಸೇರಿದೆವು. ನಾಚಿಕೆಯಾದೀತು ಎಂದುಕೊಂಡಿದ್ದೆ. ಎಲ್ಲಿಯ ನಾಚಿಕೆ! ದೇವರು ಮಾಸ್ತರರು, ‘ಯಂಗೆ ವಯಸ್ಸಾತು ಮಾರಾಯ್ತಿ, ಒಗ್ಗತಿಲ್ಲೆ’ ಎಂದು ಚಾವಣಿ ನೋಡಿದರು. ಕಿಶೋರನಂತೂ ದೊಡ್ಡ ಉಪಕಾರ ಮಾಡುವವನ ಹಾಗೆ, ‘ಅವ್ಳಿಗೆ ಅಡುಗೆ ಹೊರೆ ಎಂತಕ್ಕೆ? ತರಕಾರಿ ಹೆಚ್ಚಿ, ಪಾತ್ರೆ ತೊಳದ್ರೆ ಸಾಕು’ ಎಂದ. ಅವಳ ಎದುರಿಗೇ! ಅವಳು ತೊಳೆದ ಪಾತ್ರೆ ಆಗುತ್ತದೆ, ಅದರಲ್ಲಿ ಅವಳು ಬೇಯಿಸಿದ್ದು ಆಗುವುದಿಲ್ಲ. ನನಗೆ ತಡೆಯಲಾಗಲಿಲ್ಲ, ‘ಹೇಸಿಗೆಯಾಗುವುದಿಲ್ಲವೇ ನಿಮಗೆ’ ಎಂದು ಕೂಗಾಡಿದೆ. ಅಂಥವರೊಂದಿಗೆ ಒಂದೇ ಬಾವಿಯ ನೀರು ಕುಡಿಯಲೂ ಮನಸ್ಸು ಬರುತ್ತಿಲ್ಲ. ಜಟ್ಟಪ್ಪ ಮಾತ್ರ ಒಂದೇ ಮಾತು ಹೇಳಿ ಎದ್ದ, ಮಳೆ ಹಿಡಿಯುವುದರೊಳಗೆ ಹೊರಡುತ್ತೇವೆ ಎಂದು. ಎಲ್ಲಿಗೆ ಹೋಗುತ್ತಾರೆ? ಗದ್ದೆಯೂ ಇಲ್ಲ, ಬನವಾಸಿಯ ಮನೆಯೂ ಬಿದ್ದಿದೆ. ನಾನು ಕಾಲಿಗೆ ಬೀಳುವುದೊಂದು ಬಾಕಿ, ‘ಇವರು ಬರುವತನಕ ಇರಿ’ ಎಂದು ಕೇಳಿಕೊಂಡೆ. ಚೌಡಮ್ಮ, ‘ರಘುಪತಿ ಅಣ್ಣ ಬರೂತನಕ ಇರ್ತೀವ್ರಿ, ಅವರ ಮ್ಯಾಲೆ ನಮಗ ಬ್ಯಾಸರಿಲ್ಲ’ ಎಂದಳು. ಎರಡು ದಿನ ರಜೆ ಹಾಕಿ ಬನ್ನಿ. ನೀವು ಎದುರು ನಿಂತು ಹೇಳಿದರೆ ಇವರೆಲ್ಲ ಬಾಯಿ ಮುಚ್ಚುತ್ತಾರೆ. ನಿಮ್ಮೊಬ್ಬರ ಮಾತಿನ ಮೇಲೆ ನಿಂತ ಮನೆ ಇದು.

ಸ್ಫೂರ್ತಿ ನಮಸ್ಕಾರ ತಿಳಿಸಿದ್ದಾಳೆ, ಮೈಸೂರಿನ ಬಣ್ಣದ ಪೆನ್ಸಿಲ್ ಮರೆಯಬಾರದಂತೆ. ಮಾರಿಕಾಂಬೆ ನಿಮ್ಮನ್ನು ಆರೋಗ್ಯವಾಗಿ ಇಟ್ಟಿರಲಿ.

ನಿಮ್ಮ
ಸುಬ್ಬಲಕ್ಷ್ಮಿ

ತಾ.ಕ. ಕವರಿಗೆ ಅಂಟು ಹಚ್ಚುವಷ್ಟರಲ್ಲಿ ಕೆರಿಯ ಹಾಲು ತಂದ. ಗುಂಡಿಗೆ ಹಾಕು ಎಂದು ಅವಳ ಅಡುಗೆಯನ್ನು ಮೊದಲು ತಂದುಕೊಟ್ಟವರು ಯಾರು, ಮಾಸ್ತರರೋ ಕಿಶೋರನೋ ಎಂದು ಸುಮ್ಮನೆ ಕೇಳಿದೆ. ಬಹಳ ಹೊತ್ತು ಹೊಸಿಲು ಕೆರೆದು, ‘ನಿಮ್ಮನಿ ಒಡೆಯರೇಯ ಅಮಾ, ಯಾರಿಗೂ ಹೇಳ್ಬೇಡ ಅಂದಿದ್ರು, ಅವ್ರನ್ನ ನೋಡಿ ಉಳದವ್ರು’ ಎಂದ. ಭಾಷಣ ಮಾಡಿದ ವಾರವೇ ಅಂತೆ. ನಾನು ಹೆಮ್ಮೆಪಟ್ಟ ಆ ಕ್ಯಾರಿಯರು! ಮೈಸೂರಿನ ಮೆಸ್ಸಿನಲ್ಲಿ ಬೇಯಿಸುವವರು ಯಾರೆಂದು ಒಮ್ಮೆಯಾದರೂ ಕೇಳಿದಿರಾ? ಮೇಲೆ ಬರೆದದ್ದನ್ನು ಹೊಡೆದುಹಾಕಿಲ್ಲ, ನಿಮ್ಮನ್ನು ಎಷ್ಟು ನಂಬಿದ್ದೆ ಎಂದು ನೀವೂ ಓದಿ. ಚೌಡಮ್ಮನಿಗೆ ನಾನು ಹೇಳುವುದಿಲ್ಲ. ನೀವೇ ಬಂದು, ಎಲ್ಲರೆದುರು, ನಿಮ್ಮ ಬಾಯಿಂದಲೇ ಹೇಳಬೇಕು. ಆಗದಿದ್ದರೆ ಬರಬೇಡಿ, ಅವರು ಹೊರಟ ದಿನ ಅದೇ ಗಾಡಿಯಲ್ಲಿ ನಾನೂ ಸ್ಫೂರ್ತಿಯೂ ಹೊರಡುತ್ತೇವೆ. ಬರುವುದಾದರೆ ಬುಧವಾರ ಮಧ್ಯಾಹ್ನಕ್ಕೆ ಬನ್ನಿ. ಅವತ್ತು ಅಡುಗೆ ಅವಳದ್ದೇ, ನಾನು ಬೇಡಿ ಒಪ್ಪಿಸಿದ್ದೇನೆ. ದಾರಿಯಲ್ಲಿ ಏನೂ ತಿನ್ನಬೇಡಿ. ಹಸಿದು ಬನ್ನಿ.